ಕೆಂಪು ಹೋದದ್ದು, ಹಸಿರು ಬಂದದ್ದು

ಒಂದು ಕಡತದಲ್ಲಿ ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು ಎಂದು ತೋರಿಸುವ ಡಿಫ್ ಹುಟ್ಟಿದ್ದು 1970ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಅದನ್ನು ಬರೆದ ಡಗ್ಲಾಸ್ ಮೆಕಿಲ್ರಾಯ್ ಬಣ್ಣದ ಬಗ್ಗೆ ಯೋಚಿಸುವಂತಿರಲಿಲ್ಲ. ಆಗ ಉತ್ತರ ಬರುತ್ತಿದ್ದುದು ಹೆಚ್ಚಾಗಿ ಟೆಲಿಟೈಪ್ ಯಂತ್ರದ ಕಾಗದದ ಮೇಲೆ.

ಇಂದು ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶವನ್ನು ಬಳಸುವವರು ಟರ್ಮಿನಲ್‌ನಲ್ಲಿ 'ಗಿಟ್ ಡಿಫ್' ಎಂದು ಟೈಪಿಸಿದರೆ ಅಳಿಸಿದ ಸಾಲು ಕೆಂಪಾಗಿ, ಸೇರಿಸಿದ ಸಾಲು ಹಸಿರಾಗಿ ಕಾಣುತ್ತದೆ. ಈ ಬಣ್ಣವೂ ಅಕ್ಷರಗಳೇ: ಎಸ್ಕೇಪ್ ಸಂಕೇತದ ಜೊತೆ 31 ಬಂದರೆ ಕೆಂಪು, 32 ಬಂದರೆ ಹಸಿರು. ಫಲಿತಾಂಶವನ್ನು ಕಡತಕ್ಕೋ ಇನ್ನೊಂದು ಕಮಾಂಡಿಗೋ ಕಳಿಸಿದಾಗ ಗಿಟ್ ತಾನಾಗಿ ಬಣ್ಣವನ್ನು ಕೈಬಿಡುತ್ತದೆ. ಇಲ್ಲದಿದ್ದರೆ ಆ ಸಂಕೇತಗಳು ಪ್ಯಾಚ್ ಕಡತದೊಳಗೆ ಸೇರಿ ಅದನ್ನು ಕೆಡಿಸುತ್ತಿದ್ದವು. ಇದೇ ಕೆಲಸಕ್ಕೆ ಸಬ್‌ವರ್ಷನ್ ಎಂಬ ತಂತ್ರಾಂಶ ಬಳಸುತ್ತಿದ್ದವರು ಇಂಥ ಬಣ್ಣಕ್ಕಾಗಿ ಡಿಫ್ ಅನ್ನು ಬಣ್ಣ ಹಚ್ಚುವ ಕಲರ್‌ಡಿಫ್‌ಗೆ ಪೈಪ್ ಮಾಡಿ, ಅಲ್ಲಿಂದ ಪುಟಪುಟವಾಗಿ ತೋರಿಸುವ 'ಲೆಸ್ -ಆರ್'ಗೆ ಹರಿಸುತ್ತಿದ್ದರು. ದೊಡ್ಡಕ್ಷರದ ಆ 'ಆರ್' ಮರೆತರೆ ಪರದೆ ತುಂಬ ಎಸ್ಕೇಪ್ ಸಂಕೇತಗಳ ಕಸ.

ಬಹುಪಾಲು ಜನ ಈ ಎರಡು ಬಣ್ಣಗಳಿಗೇ ನಿಲ್ಲುತ್ತಾರೆ. ಗಿಟ್‌ನ ನಿಜವಾದ ಬೆಲೆ ತಿಳಿಯುವುದು ಇದರ ಮುಂದೆ. ಕನ್ನಡದ ಒಂದು ಪ್ಯಾರಾ ಒಂದೇ ಸಾಲಿನಲ್ಲಿದ್ದು, ಅದರಲ್ಲಿ ಒಂದು ಒತ್ತಕ್ಷರ ತಿದ್ದಿದರೂ ಇಡೀ ಪ್ಯಾರಾ ಒಮ್ಮೆ ಕೆಂಪಾಗಿ, ಮತ್ತೊಮ್ಮೆ ಹಸಿರಾಗಿ ಬರುತ್ತದೆ. ತಿದ್ದಿದ್ದೆಲ್ಲಿ ಎಂದು ಕಣ್ಣೇ ಹುಡುಕಬೇಕು. 'ಕಲರ್-ವರ್ಡ್ಸ್' ಆಯ್ಕೆ ಕೊಟ್ಟರೆ ಬದಲಾದ ಪದಕ್ಕಷ್ಟೇ ಬಣ್ಣ.

ನನಗೆ ಇನ್ನೂ ಮುಖ್ಯವೆನಿಸುವುದು ಗಿಟ್‌ನ 2017ರ 2.15ನೇ ಆವೃತ್ತಿಯಲ್ಲಿ ಬಂದ 'ಕಲರ್-ಮೂವ್ಡ್'. ಇನ್ನೂರು ಸಾಲನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಇಟ್ಟರೆ ಮಾಮೂಲಿ ಡಿಫ್ ಇನ್ನೂರು ಕೆಂಪು, ಇನ್ನೂರು ಹಸಿರು ಸಾಲು ತೋರಿಸುತ್ತದೆ. ಪರಿಶೀಲಿಸುವವರು 'ಜಾಗ ಬದಲಿಸಿದ್ದಷ್ಟೇ' ಎಂದು ನಂಬಿ ದಾಟಿಬಿಡುತ್ತಾರೆ. ನಡುವೆ ಒಂದು ಷರತ್ತು ತಿರುಗುಮುರುಗಾಗಿದ್ದರೂ ಗೊತ್ತಾಗುವುದಿಲ್ಲ. ಈ ಆಯ್ಕೆ ಹಾಕಿದರೆ ಹಾಗೇ ಸಾಗಿಬಂದ ಸಾಲುಗಳಿಗೆ ಬೇರೆ ಬಣ್ಣ ಬಂದು, ಕೈಯಾಡಿಸಿದ ಸಾಲು ಮಾತ್ರ ಕೆಂಪು–ಹಸಿರಿನಲ್ಲಿ ಉಳಿಯುತ್ತದೆ. ಇನ್ನೊಬ್ಬರ ಕೋಡಿಗೆ ಒಪ್ಪಿಗೆ ಕೊಡುವವರು ಇದನ್ನು ಕಾಯಂ ಆಗಿ ಹಾಕಿಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಂಪು–ಹಸಿರು ಬೇರ್ಪಡಿಸಿ ಕಾಣದವರೂ ನಮ್ಮ ತಂಡಗಳಲ್ಲಿ ಇರುತ್ತಾರೆ. ಅವರು ಗಿಟ್ ಸಂಯೋಜನೆಯ 'ಕಲರ್.ಡಿಫ್.ಓಲ್ಡ್', 'ಕಲರ್.ಡಿಫ್.ನ್ಯೂ' ಎರಡಕ್ಕೂ ಹಳದಿ, ನೀಲಿಯಂಥ ಬಣ್ಣ ಕೊಟ್ಟುಕೊಳ್ಳಬಹುದು. ಮಾಮೂಲಿ ಡಿಫ್‌ನಲ್ಲಿ ಸಾಲಿನ ಮೊದಲಿಗಿರುವ ಕೂಡು, ಕಳೆ ಚಿಹ್ನೆಗಳಂತೂ ಬಣ್ಣವಿಲ್ಲದೆಯೂ ಇದ್ದೇ ಇರುತ್ತವೆ.