ಹನುಮಂತನಗರದಲ್ಲಿ ಆಷಾಢದ ಬಾಡಿಗೆ

ಬಸವನಗುಡಿಗೆ ಅಂಟಿಕೊಂಡೇ ಇದ್ದರೂ ಹನುಮಂತನಗರದಲ್ಲಿ ಬಸವನಗುಡಿಯ ಬಾಡಿಗೆ ಹೇಳುವುದಿಲ್ಲ. ಯಾಕೆಂದು ತಿಳಿಯಲು ಇಲ್ಲೊಮ್ಮೆ ಕಾರು ನಿಲ್ಲಿಸಲು ಜಾಗ ಹುಡುಕಿದರೆ ಸಾಕು. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ಅಡ್ಡರಸ್ತೆಗಳಲ್ಲಿ ಏರಿಳಿತವೇ ಹೆಚ್ಚು. ಪುಟ್ಟ ಸೈಟುಗಳಲ್ಲಿ ಕೆಳಗೆ ಓನರ್, ಮೇಲೆ ಎರಡೋ ಮೂರೋ ಬಾಡಿಗೆ ಮನೆ. ಲಿಫ್ಟ್ ಅಪರೂಪ. ಮೆಟ್ರೊ ಹತ್ತಬೇಕೆಂದರೆ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೇ ಹೋಗಬೇಕು.

ಇಷ್ಟೆಲ್ಲ ಇಲ್ಲಗಳೇ ಬಾಡಿಗೆದಾರನ ಲಾಭ. ಮೊಣಕಾಲು ಗಟ್ಟಿಯಿದ್ದವರು ಮೂರನೇ ಮಹಡಿಯನ್ನೇ ಕೇಳಬೇಕು. ಬೇಸಿಗೆಯಲ್ಲಿ ತಾರಸಿ ಕಾದು ಫ್ಯಾನು ಬಿಸಿಗಾಳಿ ಬೀಸುತ್ತದೆ, ನಿಜ. ಆದರೆ ಕೆಳಗಿನ ಮನೆಗಿಂತ ಬಾಡಿಗೆ ಕಡಿಮೆ. ದಕ್ಷಿಣಕ್ಕೆ ಬಾಗಿಲಿದ್ದರೆ ಇನ್ನೂ ಅನುಕೂಲ. ವಾಸ್ತು ನೋಡುವವರು ಹೊಸಿಲು ತುಳಿಯದೆ ವಾಪಸಾಗುತ್ತಾರೆ. ನೋಡದವರ ಮಾತಿಗೆ ಓನರ್ ಬೇಗ ಬಗ್ಗುತ್ತಾರೆ.

ಚೌಕಾಸಿಗೆ ನಿಜವಾದ ಕಾಲ ಆಷಾಢ. ಶಾಲೆ ಶುರುವಾಗುವ ಮೊದಲು, ಏಪ್ರಿಲ್-ಮೇನಲ್ಲಿ, ಮನೆ ಬದಲಿಸುವವರ ಭರಾಟೆ ಮುಗಿದಿರುತ್ತದೆ. ಆಗಲೂ ಖಾಲಿ ಉಳಿದ ಮನೆಗೆ ಶ್ರಾವಣದವರೆಗೆ ಹಾಲುಕ್ಕಿಸುವವರು ಬರುವುದು ಕಡಿಮೆ. ಗೇಟಿನ ‘ಟು-ಲೆಟ್’ ಬೋರ್ಡು ಮಳೆಗೆ ನೆನೆದು ಫೋನ್ ನಂಬರಿನ ಕೊನೆಯ ಎರಡಂಕಿ ಕಲಸಿಹೋಗಿದ್ದರೆ, ಮನೆ ತುಂಬ ದಿನದಿಂದ ಖಾಲಿಯಿದೆ ಎಂದೇ ಅರ್ಥ. ಅಂಥ ಗೇಟನ್ನೇ ತಟ್ಟಬೇಕು. ಶಾಸ್ತ್ರ ಬಿಡಲಾಗದವರಿಗೂ ದಾರಿಯಿದೆ: ಜ್ಯೇಷ್ಠದಲ್ಲೇ ಹಾಲುಕ್ಕಿಸಿ, ಸಾಮಾನು ಆಮೇಲೆ ಸಾಗಿಸಿದರಾಯಿತು. ಇಲ್ಲಿನ ಎಷ್ಟೋ ಮನೆಗಳ ಸುದ್ದಿ ಬ್ರೋಕರ್ ಕಿವಿಗೆ ಬೀಳುವ ಮೊದಲೇ ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ, ಹಾಲಿನ ಬೂತಿಗೆ ಗೊತ್ತಿರುತ್ತದೆ. ಅಲ್ಲಿ ವಿಚಾರಿಸಿದರೆ ಬ್ರೋಕರ್‌ಗೆ ಕೊಡುವ ಒಂದು ತಿಂಗಳ ಬಾಡಿಗೆಯೂ ಉಳಿದಂತೆ.

ಬಾಡಿಗೆಯಲ್ಲಿ ಐನೂರು ಇಳಿಸಿಕೊಂಡು ಬೀಗುವವರು ಅಡ್ವಾನ್ಸ್ ಮರೆತುಬಿಡುತ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೇ ಚಟ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕೆನ್ನುತ್ತದೆ. ಅದನ್ನು ಇಲ್ಲಿನ ಓನರ್ ಮುಂದೆ ಓದಿ ಹೇಳಿ ಪ್ರಯೋಜನವಿಲ್ಲ, ಐದಾರಕ್ಕೆ ಒಪ್ಪಿಸಬಹುದು. ಲೆಕ್ಕ ಸುಲಭ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯಾದರೆ ಹತ್ತು ತಿಂಗಳ ಅಡ್ವಾನ್ಸ್ ಒಂದೂವರೆ ಲಕ್ಷ. ಅರ್ಧಕ್ಕೆ ಇಳಿಸಿ, ಉಳಿದ 75,000ವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 5,250 ರೂಪಾಯಿ ಬಡ್ಡಿ. ತಿಂಗಳಿಗೆ ನಾನೂರಕ್ಕೂ ಮೇಲೆ ಉಳಿಯಿತು.

ಭೋಗ್ಯದ ಮನೆಗಳೂ ಇವೆ. ಬಾಡಿಗೆಯೇ ಇಲ್ಲವೆಂದು ಹಿಗ್ಗುವ ಮೊದಲು ಆ ಕಟ್ಟಡದ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡುವುದು ಕ್ಷೇಮ. ಓನರ್ ಸಾಲದ ಕಂತು ನಿಲ್ಲಿಸಿದರೆ ಭೋಗ್ಯದವರ ದುಡ್ಡಿಗೂ ಕುತ್ತು.

ನೀರಿನ ಬಗ್ಗೆ ‘ಕಾವೇರಿ ಬರುತ್ತೆ’ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ದೊಡ್ಡದು, ಮೋಟರಿನ ಕರೆಂಟು ಬಿಲ್ ಯಾರ ತಲೆಗೆ ಎಂದು ಕೇಳಿ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವಾಗ ಕೊನೆಯ ಪುಟವನ್ನೂ ಓದಿ: ಖಾಲಿ ಮಾಡುವ ದಿನ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಅಲ್ಲಿರುತ್ತದೆ. ಮನೆ ಖಾಲಿ ಬಿದ್ದಿರುವ ಆಷಾಢದಲ್ಲಿ ಕೇಳಿದರೆ ಅದನ್ನೂ ಹೊಡೆದು ಹಾಕಿಸಬಹುದು.