ಆ ಆಟವನ್ನು ಕಟ್ಟಿದವರು ಯಾರು?

ಸಹೋದರಿಯರೇ, ನಿಮ್ಮ ಮನೆಯಲ್ಲೂ ಮೊಬೈಲ್ ಕೆಳಗಿಡದ ಹುಡುಗನೊಬ್ಬ ಇದ್ದಾನೆಯೇ? ಹಾಗಾದರೆ ಈ ಮಾತು ನಿಮಗೇ.

ಕುಬಟೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಒಂದು ಸಂಜೆ ಮಗನ ಕೈ ಹಿಡಿದು ಎಳೆದುಕೊಂಡೇ ಬಂದರು. "ಆಪಾ, ಎಸ್ಸೆಸ್ಸೆಲ್ಸಿ ಹತ್ತಿರ ಬಂತು. ಇವನಿಗೆ ಗೇಮ್ ಬಿಟ್ಟರೆ ಬೇರೆ ಲೋಕವಿಲ್ಲ. ನೀವಾದರೂ ಬುದ್ಧಿ ಹೇಳಿ" ಎಂದರು. ಹುಡುಗ ತಲೆ ತಗ್ಗಿಸಿ, "ಆಡ್ತಿರಲಿಲ್ಲ ಆಪಾ, ಗೇಮ್ ಹೇಗೆ ಮಾಡ್ತಾರೆ ಅಂತ ನೋಡ್ತಿದ್ದೆ" ಎಂದ. ತಾಯಿ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ. ತೋರಿಸು ಎಂದೆ.

ಅವನು ತೋರಿಸಿದ್ದು 'ರೈಸಿಂಗ್ ಕ್ರೇಟೋಸ್' ಎಂಬ ಸಾಕ್ಷ್ಯಚಿತ್ರ. 'ಗಾಡ್ ಆಫ್ ವಾರ್' ಎಂಬ ಆಟದ ಸರಣಿ 2005ರಲ್ಲಿ ಆರಂಭವಾಯಿತು. 2007ರಲ್ಲಿ ಅಮೆರಿಕದಲ್ಲಿ ಎರಡನೆಯ ಆಟ ಬಂದಾಗ, ಸಂತೆಯಲ್ಲಿ ತರಕಾರಿಯವಳು ಕೊಸರು ಹಾಕುವಂತೆ, ತಯಾರಿಕೆಯ ಕಥೆಯನ್ನು ಇನ್ನೊಂದು ಡಿಸ್ಕಿನಲ್ಲಿ ಜೊತೆಗೆ ಕೊಟ್ಟಿದ್ದರು. 2018ರ ಆಟದ ಕುರಿತ ಸುಮಾರು ಎರಡು ಗಂಟೆಯ ಈ ಚಿತ್ರವನ್ನು ಮರುವರ್ಷ ಉಚಿತವಾಗಿಯೇ ಬಿಡುಗಡೆ ಮಾಡಿದರು.

ಆಟವೇನೋ ರಕ್ತಪಾತದ್ದು. ದೊಡ್ಡವರಿಗೆಂದೇ ಮಾಡಿದ್ದು, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಆದರೆ ಅದನ್ನು ಕಟ್ಟಿದ ಬಗೆ ನೋಡಿ. ನಿರ್ದೇಶಕ ಕೋರಿ ಬಾರ್ಲಾಗ್ ತಾನೇ ತಂದೆಯಾದ ಮೇಲೆ ತಂದೆ-ಮಗನ ಕಥೆ ಹೆಣೆಯಲು ಹೊರಟ. ಮಗನ ಪಾತ್ರ ಬಹಳ ಕಷ್ಟ, ತೆಗೆದುಬಿಡೋಣ ಎಂಬ ಮಾತೂ ಬಂತು. ಆತ ಒಪ್ಪಲಿಲ್ಲ. ನಟರು ಮೈಗಂಟುವ ಉಡುಪಿನ ಮೇಲೆ ಚುಕ್ಕೆಗಳನ್ನು ಅಂಟಿಸಿಕೊಂಡು ಬರಿಯ ಕೊಠಡಿಯಲ್ಲಿ ನಡೆಯುತ್ತಾರೆ, ಅಳುತ್ತಾರೆ. ಕ್ಯಾಮರಾಗಳು ಆ ಚುಕ್ಕೆಗಳ ಚಲನೆಯನ್ನು ಹಿಡಿದು ಕಂಪ್ಯೂಟರಿಗೆ ಕೊಡುತ್ತವೆ. ಅದರ ಮೇಲೆ ಚಿತ್ರಕಾರರು ಚರ್ಮ, ಗಡ್ಡ, ಬಟ್ಟೆ ತೊಡಿಸುತ್ತಾರೆ. ಹೀಗೆ ಐದು ವರ್ಷ! ನಮ್ಮೂರ ಕೈಟಭೇಶ್ವರ ಗುಡಿಯ ಕಂಬಗಳನ್ನು ಒಂಬೈನೂರು ವರ್ಷಗಳ ಹಿಂದೆ ಕಡೆದವರ ಮುಖವನ್ನು ನಾವು ಕಂಡಿಲ್ಲ. ಇಲ್ಲಿ ಕೆಲಸಗಾರರ ಮುಖವಾದರೂ ಕಾಣುತ್ತದೆ.

ಇದೆಲ್ಲ ಅಮೆರಿಕದ ಮಾತು ಎನ್ನಬೇಡಿ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಆರಂಭಿಸಿದರು. 'ಫೋರ್ಜಾ' ಎಂಬ ಕಾರು ಓಟದ ಆಟಗಳಿಗೆ ಕಾರುಗಳ ರೂಪ ಕೊಟ್ಟವರಲ್ಲಿ ಈ ಕಂಪನಿಯ ಕಲಾವಿದರೂ ಇದ್ದರು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರು ಶಾಖೆಯೊಂದಿಗೆ ಸೇರಿಸಿಕೊಂಡಿತು. ಇದನ್ನು ಹೇಳಿದಾಗ ಹುಡುಗನ ಕಣ್ಣು ಅರಳಿತು. ತಾಯಿಯ ಕಣ್ಣೂ ಸ್ವಲ್ಪ ಅರಳಿತೆನ್ನಿ.

ಅಷ್ಟರಲ್ಲಿ ಆಕೆ ಒಂದು ಪ್ರಶ್ನೆ ಕೇಳಿದರು: "ಇವರೆಲ್ಲ ಮನೆಗೆ ಯಾವಾಗ ಹೋಗ್ತಾರೆ ಆಪಾ?"

ಎಂತಹ ಪ್ರಶ್ನೆ! ಇದೇ ಪ್ರಶ್ನೆಯನ್ನು 2004ರ ನವೆಂಬರಿನಲ್ಲಿ ಅಮೆರಿಕದ ಹೆಣ್ಣುಮಗಳೊಬ್ಬಳು ಕೇಳಿದ್ದಳು. ತನ್ನನ್ನು ಮದುವೆಯಾಗಲಿದ್ದವನು ಇಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಗೇಮ್ ಕಂಪನಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ, ವಾರದ ಏಳೂ ದಿನ ದುಡಿಯುತ್ತಿದ್ದಾನೆ, ಹೆಚ್ಚುವರಿ ಸಂಬಳವಿಲ್ಲ ಎಂದು ಹೆಸರು ಹೇಳದೆ ಬಹಿರಂಗ ಪತ್ರ ಬರೆದಳು. ಕೆಲಸಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಕಂಪನಿಯು 2005ರಲ್ಲಿ ಚಿತ್ರಕಾರರಿಗೆ 1 ಕೋಟಿ 56 ಲಕ್ಷ ಡಾಲರ್, ಮರುವರ್ಷ ಪ್ರೋಗ್ರಾಮರುಗಳಿಗೆ 1 ಕೋಟಿ 49 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಎರಿನ್ ಹಾಫ್‌ಮನ್ ಎಂಬ ಆಕೆಯ ಹೆಸರು ಹೊರಬಂದದ್ದು ಆಮೇಲೆ. ಆಕೆ ಸ್ವತಃ ಗೇಮ್ ರೂಪಿಸುವವಳೇ.

ನಿಮ್ಮ ಮಗ ಇಂತಹ ಚಿತ್ರ ನೋಡುತ್ತಿದ್ದರೆ ಮೊಬೈಲ್ ಕಿತ್ತುಕೊಳ್ಳುವ ಮುನ್ನ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ. ಯಾರು ದುಡಿದರು, ಎಷ್ಟು ಹೊತ್ತು ದುಡಿದರು ಎಂದು ಕೇಳಿ. ನಮ್ಮ ನೆರೆಯಾಕೆ ಭಾನುವಾರ ಒಂದು ಗಂಟೆ ಜೊತೆಗೆ ನೋಡಲು ಒಪ್ಪಿದ್ದಾರೆ. ಉಳಿದ ದಿನ ಮೊಬೈಲ್ ಬೀರುವಿನಲ್ಲಿ. ಹುಡುಗ ಮುಖ ಊದಿಸಿಕೊಂಡೇ ಹೋದ.

ಮರುವಾರ ನೋಟ್‌ಬುಕ್ ಹಿಡಿದು ಬಂದ. ಆನವಟ್ಟಿಗೆ ಓಡಿಸುವ ತಂದೆಯ ಆಟೋವನ್ನು ನಾಲ್ಕೂ ಕಡೆಯಿಂದ ನೋಡಿ ಬಿಡಿಸಿದ್ದ. ಹಿಂದಿನ ಒಂದು ಚಕ್ರ ಸಣ್ಣದಾಗಿತ್ತು. ನಾನು ಹೇಳುವ ಮೊದಲೇ ಅವನೇ ತೋರಿಸಿ, ರಬ್ಬರ್ ಕೇಳಿದ.