ಸೊಂಟನೋವಿಗೆ ತಲೆಕೆಳಗು ಮೇಜು: ಕೊಳ್ಳುವ ಮುನ್ನ ತಿಳಿಯಬೇಕಾದ ಅಂಶಗಳು

ನಾಟಿ, ಕಳೆ, ಕೊಯ್ಲು, ಮೂಟೆ ಹೊರುವುದು ಇವೆಲ್ಲವೂ ಬೆನ್ನನ್ನು ಬಗ್ಗಿಸುವ ಕೆಲಸಗಳು. ಹಳ್ಳಿ ಬಿಟ್ಟು ಬೆಂಗಳೂರಿನ ಪೀಣ್ಯ, ರಾಜಗೋಪಾಲನಗರದ ಕಾರ್ಖಾನೆಗಳಲ್ಲಿ ದುಡಿಯುವ ನಿಮ್ಮ ಮಕ್ಕಳಿಗೂ ಸೊಂಟನೋವು ತಪ್ಪಿದ್ದಲ್ಲ. ಆದ್ದರಿಂದ ಕಣಕಾಲನ್ನು ಬಿಗಿದು ದೇಹವನ್ನು ತಲೆಕೆಳಗಾಗಿ ಓರೆ ಮಾಡುವ ಮೇಜನ್ನು ಮನೆಗೆ ತರಬೇಕೇ ಎಂಬ ಪ್ರಶ್ನೆ ನಿಮಗೂ ಎದುರಾಗಬಹುದು.

ಅದು ಮಾಡುವ ಕೆಲಸ: ಬೆನ್ನೆಲುಬಿನ ಮಣಿಗಳ ನಡುವೆ ನೀರಿನಂಶವುಳ್ಳ ಮೆತ್ತನೆಯ ಬಿಲ್ಲೆಗಳಿವೆ. ಜರ್ಮನಿಯ ಸಂಶೋಧಕರು ಆರೋಗ್ಯವಂತನೊಬ್ಬನಲ್ಲಿ ಅಳೆದು 1999ರಲ್ಲಿ ಪ್ರಕಟಿಸಿದಂತೆ, ನಿಂತಾಗಿನ ಒತ್ತಡಕ್ಕೆ ಹೋಲಿಸಿದರೆ ಮಲಗಿದಾಗ ಬಿಲ್ಲೆಯ ಮೇಲಿನ ಒತ್ತಡ ಐದರಲ್ಲಿ ಒಂದು ಪಾಲು. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ ನಾಲ್ಕು ಪಟ್ಟಿಗೂ ಮಿಗಿಲು. ಮೇಜಿನ ಮೇಲೆ ತಲೆ ಕೆಳಗಾದಾಗ ದೇಹದ ತೂಕವೇ ಮಣಿಗಳನ್ನು ಎಳೆದು ಒತ್ತಡವನ್ನು ತಗ್ಗಿಸುತ್ತದೆ. ಆದರೆ ಎದ್ದು ನಿಂತ ಕೂಡಲೇ ಭಾರ ಮರಳುತ್ತದೆ.

ಪ್ರಯೋಗಗಳ ಫಲ: ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ, ಬಿಲ್ಲೆ ಜಾರಿ ಶಸ್ತ್ರಚಿಕಿತ್ಸೆಗೆ ಕಾದಿದ್ದವರ ಪೈಕಿ ಈ ಮೇಜು ಬಳಸಿದ 13 ಜನರಲ್ಲಿ 10 ಜನರಿಗೆ ಶಸ್ತ್ರಚಿಕಿತ್ಸೆ ತಪ್ಪಿತು. ಒಂದೆರಡು ತಾಕಿನ ಇಳುವರಿ ನೋಡಿ ತಳಿಯನ್ನು ಶಿಫಾರಸು ಮಾಡಲಾಗದು, ಇಲ್ಲಿಯೂ ಹಾಗೆಯೇ. ದೀರ್ಘಕಾಲದ ಸಾಮಾನ್ಯ ಸೊಂಟನೋವಿಗೆ ಎಳೆತದ ಚಿಕಿತ್ಸೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ಯಾರು ಬಳಸಬಾರದು: ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಬಹಳವಾಗಿ ಏರುತ್ತದೆ. ರಕ್ತದೊತ್ತಡ, ಹೃದ್ರೋಗ, ಗ್ಲಾಕೋಮಾ, ಪಾರ್ಶ್ವವಾಯು, ಮೂಳೆ ಸವೆತ ಇರುವವರು ಹಾಗೂ ಗರ್ಭಿಣಿಯರು ಇದರ ಗೊಡವೆಗೆ ಹೋಗಬಾರದು. ಉಳಿದವರೂ ವೈದ್ಯರ ಒಪ್ಪಿಗೆ ಪಡೆದು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಅಲ್ಪ ಓರೆಯಲ್ಲಿ ಒಂದೆರಡು ನಿಮಿಷದಿಂದ ಆರಂಭಿಸಬೇಕು. ಹಗ್ಗ ಕಟ್ಟಿಕೊಂಡು ತೊಲೆಗೆ ಜೋತು ಬೀಳುವ ಸಾಹಸ ಖಂಡಿತ ಸಲ್ಲದು.

ಖರ್ಚಿಲ್ಲದ ಕ್ರಮಗಳು:

1. ರಾತ್ರಿ ಮಲಗಿದಾಗ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಬಗ್ಗಿದರೆ ಅವುಗಳಿಗೆ ಹೆಚ್ಚು ಪೆಟ್ಟು. ಎದ್ದ ಕೂಡಲೇ ಕೊಟ್ಟಿಗೆಯ ಸಗಣಿ ಬಾಚಲು ಬಗ್ಗದೆ, ಒಂದೆರಡು ಗಂಟೆ ನಿಂತು ಮಾಡುವ ಕೆಲಸ ಮುಗಿಸಿಕೊಳ್ಳಿ. ಬೆಳಗಿನ ಬಗ್ಗುವಿಕೆ ತಪ್ಪಿಸಿದವರಿಗೆ ನೋವು ತಗ್ಗಿದ್ದು ಅಮೆರಿಕದ 1998ರ ಅಧ್ಯಯನವೊಂದರಲ್ಲಿ ಕಂಡಿದೆ.

2. ಭಾರ ಎತ್ತುವಾಗ ಮೊಣಕಾಲು ಮಡಿಸಿ, ಮೈಗೆ ಒತ್ತಿ ಹಿಡಿಯಿರಿ. ಯೂರಿಯಾ ಚೀಲ 2018ರಿಂದ 45 ಕಿಲೋಗೆ ಇಳಿದಿದ್ದರೂ ಒಬ್ಬರಿಗೆ ಅದೂ ಹೆಚ್ಚೇ, ಇಬ್ಬರು ಹಿಡಿಯಿರಿ.

3. ರಾಗಿಯನ್ನು 30 ಸೆಂ.ಮೀ. ಸಾಲುಗಳಲ್ಲಿ ಬಿತ್ತಿದರೆ ಸೈಕಲ್ ಕುಂಟೆಯಿಂದ ನಿಂತೇ ಕಳೆ ತೆಗೆಯಬಹುದು. ಸಾಲು ನಾಟಿಯ ಭತ್ತಕ್ಕೆ ಕೋನೋವೀಡರ್ ಇದೆ.

4. ನೋವು ಬಂದಾಗ ದಿನಗಟ್ಟಲೆ ಹಾಸಿಗೆ ಹಿಡಿಯದೆ, ಸಹಿಸುವಷ್ಟು ನಡೆದಾಡಿ. ಹೆಚ್ಚಿನವರ ನೋವು ಕೆಲವೇ ವಾರಗಳಲ್ಲಿ ತಗ್ಗುತ್ತದೆ.

ಕಾಲಿನ ಬಲ ಕುಗ್ಗಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಮೇಜು, ಮುಲಾಮು ಎಂದು ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಿ. ತಡವಾದರೆ ಆ ನಷ್ಟ ಶಾಶ್ವತವಾಗಬಹುದು. ಮೇಜಿಗೆ ಸುರಿಯುವ ಹಣದಲ್ಲಿ ಮೊದಲು ಒಂದು ಕುಂಟೆ ಕೊಳ್ಳುವುದು ಲೇಸು. ಅದು ನೋವಿನ ಮೂಲವನ್ನೇ ತಗ್ಗಿಸುತ್ತದೆ.